ಮೊದಲು ಬದಲಾಗಬೇಕಾದದ್ದು ಗ್ರೈಂಡರ್

ಮನೆಯಲ್ಲಿ ಎಸ್ಪ್ರೆಸೊ, ಅಂದರೆ ಒತ್ತಡದ ಬಿಸಿನೀರಿನಿಂದ ಇಳಿಸುವ ಗಟ್ಟಿ ಕಾಫಿ, ಮಾಡುವ ಬಗೆಗಿನ ಲೇಖನವೊಂದನ್ನು ಓದಿದೆ. ಎಸ್ಪ್ರೆಸೊ ಯಂತ್ರವನ್ನು ಮೊದಲು ಬದಲಿಸಿ, ಬೀಜವನ್ನು ಪುಡಿ ಮಾಡುವ ಗ್ರೈಂಡರನ್ನು ಆಮೇಲೆ ನೋಡಿಕೊಳ್ಳಬಹುದು ಎಂಬ ಅದರ ಲೇಖಕರ ಸಲಹೆಯನ್ನು ನಾನು ಒಪ್ಪಲಾರೆ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಎರಡು ವರ್ಷ, ಫಿಲ್ಟರ್ ಕಾಫಿಗೆಂದು ಕೊಂಡಿದ್ದ ಗ್ರೈಂಡರಿನಲ್ಲೇ ಎಸ್ಪ್ರೆಸೊಗೂ ಪುಡಿ ಮಾಡುತ್ತಿದ್ದೆವು. ಒಂದು ಹಂತ ನುಣ್ಣಗೆ ಮಾಡಿದರೆ ಕಾಫಿ ತೊಟ್ಟಿಕ್ಕುತ್ತಲೂ ಇರಲಿಲ್ಲ, ಒಂದು ಹಂತ ತರಿಯಾಗಿಸಿದರೆ 12 ಸೆಕೆಂಡಿನಲ್ಲಿ ತೆಳ್ಳಗೆ ಹುಳಿಹುಳಿಯಾಗಿ ಹರಿದುಬಿಡುತ್ತಿತ್ತು. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕಾದರೆ ಆ ಎರಡು ಹಂತಗಳ ನಡುವೆ ಇನ್ನೂ ಹಲವು ಹಂತಗಳು ಬೇಕು, ಏಕೆಂದರೆ ಸುಮಾರು 9 ಬಾರ್ ಒತ್ತಡದಲ್ಲಿ ಬರುವ ನೀರಿಗೆ ತಡೆಯೊಡ್ಡುವುದು ಪುಡಿಯೇ. ಆದ್ದರಿಂದ ನುಣುಪನ್ನು ಹಂತಗಳಿಲ್ಲದೆ ಬೇಕಾದಷ್ಟೇ ತಿರುಗಿಸಿ ಹೊಂದಿಸಬಹುದಾದ, ಇಲ್ಲವೇ ಬಹಳ ಸೂಕ್ಷ್ಮ ಹಂತಗಳಿರುವ ಗ್ರೈಂಡರನ್ನೇ ಆರಿಸಬೇಕು. ಬೀಜವನ್ನು ಅರೆಯುವ ಹಲ್ಲಿನ ಬಿಲ್ಲೆ, ಅಂದರೆ ಬರ್, ಶಂಕುವಿನಾಕಾರದ್ದು ಉತ್ತಮವೋ ಚಪ್ಪಟೆಯದು ಉತ್ತಮವೋ ಎಂಬುದು, ಹಾಲು ಬೆರೆಸಿ ಕುಡಿಯುವ ನಮ್ಮಂಥವರಿಗೆ, ನಂತರದ ಮಾತು.

ಲೇಖನದಲ್ಲಿ ಬಾರದ ಇನ್ನೊಂದು ಸಂಗತಿಯೆಂದರೆ ಗ್ರೈಂಡರಿನ ಒಳಗೆ ಉಳಿಯುವ ಪುಡಿ. ಮಳೆಗಾಲದಲ್ಲಿ ಇಲ್ಲಿ ಗಾಳಿಯೇ ಒದ್ದೆಯಾಗಿರುವಾಗ ನಿನ್ನೆಯ ಹೊಂದಾಣಿಕೆ ಇಂದು ಸರಿಹೋಗುವುದಿಲ್ಲ. ಹಂತ ಬದಲಿಸಿದರೂ ಮೊದಲು ಹೊರಬೀಳುವುದು ನಿನ್ನೆಯ ಹಳಸಿದ ಪುಡಿಯಾದರೆ ಏನನ್ನು ತಿದ್ದಿದೆವೆಂಬುದೇ ತಿಳಿಯದು. ವಿದ್ಯುತ್ ಗ್ರೈಂಡರಿನ ಬೆಲೆ ಭಾರವೆನಿಸುವವರು ಎಸ್ಪ್ರೆಸೊಗೆಂದೇ ರೂಪಿಸಿದ ಒಳ್ಳೆಯ ಕೈ ಗ್ರೈಂಡರನ್ನು ಖಂಡಿತ ಪರಿಗಣಿಸಲಿ. ನಾನು ಈಗ ಬಳಸುತ್ತಿರುವುದು ಅದನ್ನೇ, ಬ್ರಷ್ಷಿನಿಂದ ಎರಡು ಬಾರಿ ಸವರಿದರೆ ಅದರೊಳಗೆ ಪುಡಿ ಉಳಿಯುವುದೇ ಇಲ್ಲ.