ಬೆಸೆಲ್ ಎ ಅಂತ ಇದ್ದದ್ದು ಸಾರಾಭಾಯಿ ಆಯಿತು

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಚಂದ್ರನ ಮೇಲಿನ ದುಂಡನೆಯ ಕುಳಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಚಂದ್ರನ ಕುಳಿಗೆ ಸಾರಾಭಾಯಿ ಹೆಸರಿಟ್ಟ ಇಸ್ರೋ'. ಜೊತೆಗೆ ಮೂರು ಬಾವುಟ, ನಾಲ್ಕು ರಾಕೆಟ್.

ಫೋಟೋ ನಿಜದ್ದೇ. 2020ರ ಜುಲೈ 30ರಂದು ಚಂದ್ರಯಾನ-2ರ ಕ್ಯಾಮೆರಾ ತೆಗೆದದ್ದು. ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಜನ್ಮಶತಮಾನೋತ್ಸವ ವರ್ಷ ಮುಗಿಯುವ ಹೊತ್ತಿಗೆ, ಆಗಸ್ಟ್‌ನಲ್ಲಿ ಅದನ್ನು ಬಿಡುಗಡೆ ಮಾಡಿದರು. ಹೆಸರಿನ ಮಾತು ಮಾತ್ರ ತಪ್ಪು. ಆ ಕುಳಿಗೆ ಹೆಸರು ಬಂದದ್ದು 1973ರಲ್ಲಿ. ಇಟ್ಟದ್ದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಐಎಯು ಅಂತಾರಲ್ಲ, ಅದು. ಇದನ್ನೇ ಗ್ರೂಪಿನಲ್ಲಿ ಬರೆದೆ.

"ಯಾರಿಟ್ಟರೇನೋ, ಹೆಸರು ನಮ್ಮವರದ್ದೇ ಅಲ್ವಾ?" ಅಂದರು ದೊಡ್ಡಪ್ಪ.

ಅಲ್ಲಿ ವಾದ ಬೆಳೆಸಲಿಲ್ಲ. ಹಿರಿಯರು. ಆದರೆ ನನ್ನ ಪ್ರಕಾರ ಯಾರಿಟ್ಟರು, ಯಾವಾಗ ಇಟ್ಟರು ಅನ್ನುವುದೇ ಇಲ್ಲಿ ಮುಖ್ಯ. ಅದಕ್ಕೇ ಇಲ್ಲಿ ಬಂದು ಬರೆಯುತ್ತಿದ್ದೇನೆ.

1973 ಅಂದರೆ ನಮ್ಮ ಹತ್ತಿರ ಏನಿತ್ತು? ಕೇರಳದ ತುಂಬಾ ಅನ್ನುವ ಊರಿನಿಂದ ಹಾರಿಸುತ್ತಿದ್ದ ಸಣ್ಣ ರಾಕೆಟ್‌ಗಳಿದ್ದವು. ನಮ್ಮದು ಅಂತ ಒಂದೇ ಒಂದು ಉಪಗ್ರಹವೂ ಮೇಲಿರಲಿಲ್ಲ. ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ ಮೇಲೆ ಹೋದದ್ದು 1975ರ ಏಪ್ರಿಲ್ 19ಕ್ಕೆ, ಅದೂ ಸೋವಿಯತ್ ರಾಕೆಟ್ ಹತ್ತಿ. ಸಾರಾಭಾಯಿ ಅದನ್ನು ನೋಡಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಅಂದರೆ ಚಂದ್ರಯಾನದ ಖುಷಿಯಲ್ಲಿ ಇಟ್ಟ ಹೆಸರಲ್ಲ ಇದು. ಐಎಯು ಪಟ್ಟಿಯಲ್ಲಿ ಆ ಕುಳಿಯ ಮುಂದೆ ಅವರ ಪರಿಚಯ ಒಂದೇ ಸಾಲು: ಭಾರತದ ಖಭೌತ ವಿಜ್ಞಾನಿ, ಅಂದರೆ ಆಸ್ಟ್ರೋಫಿಸಿಸಿಸ್ಟ್. ಇಸ್ರೋ ಇಲ್ಲ, ರಾಕೆಟ್ ಇಲ್ಲ.

ನನಗೆ ಈ ಸಾಲು ಇಷ್ಟ. ಯಾಕೆಂದರೆ ಆ ಖಭೌತ ವಿಜ್ಞಾನಿ ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಅಹಮದಾಬಾದಿನ ಹುಡುಗ ಎರಡನೇ ಮಹಾಯುದ್ಧದ ಕಾಲದಲ್ಲಿ ಊರಿಗೆ ವಾಪಸಾದ. ಮುಂದಿನ ಓದು ಎಲ್ಲಿ? ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಇದ್ದರು. ಅವರ ಕೈಕೆಳಗೆ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಶುರು ಮಾಡಿದರು. ಮೊದಲ ಪ್ರಬಂಧ 1942ರಲ್ಲಿ ಬಂತು. ಅದೇ ಯುದ್ಧದಿಂದ ಇಂಗ್ಲೆಂಡಿಗೆ ಮರಳಲಾಗದೆ ಅಲ್ಲೇ ಉಳಿದಿದ್ದ ಇನ್ನೊಬ್ಬರು ಹೋಮಿ ಭಾಭಾ. ರಾಮನ್ ಅವರ ಭೌತ ವಿಭಾಗದಲ್ಲೇ ರೀಡರ್.

ರಾಮನ್, ಭಾಭಾ, ಸಾರಾಭಾಯಿ. ಒಂದೇ ಕ್ಯಾಂಪಸ್, ಅವೇ ಮರಗಳ ನೆರಳು. ಇವತ್ತು ಮೂವರ ಹೆಸರಿನಲ್ಲೂ ಚಂದ್ರನ ಮೇಲೆ ಒಂದೊಂದು ಕುಳಿ ಇದೆ. ಯಶವಂತಪುರದ ಕಡೆ ಹೋಗುವ ಬಸ್ಸಿನಲ್ಲಿ ಆ ಕಾಂಪೌಂಡ್ ದಾಟುವಾಗೆಲ್ಲ ನನಗೆ ಇದೇ ನೆನಪು. ಪಕ್ಕದಲ್ಲಿ ಕೂತವರಿಗೆ ಹೇಳಬೇಕು ಅನ್ನಿಸುತ್ತದೆ. ಹೇಳಿಲ್ಲ ಇನ್ನೂ.

ಇನ್ನು ಹೆಸರಿನ ವಿಷಯ. 1973ಕ್ಕೆ ಮುಂಚೆ ಈ ಕುಳಿ ಬರೀ 'ಬೆಸೆಲ್ ಎ'. ಚಂದ್ರನ ಮೇಲೆ ಹೆಸರಿಡುವ ಪದ್ಧತಿ ಒಂಥರಾ ಜಮೀನಿನ ಸರ್ವೆ ನಂಬರಿನ ಹಾಗೆ. ದೊಡ್ಡ ಕುಳಿಗೆ ಒಬ್ಬ ವಿಜ್ಞಾನಿಯ ಹೆಸರು. ಸುತ್ತಲಿನ ಚಿಲ್ಲರೆ ಕುಳಿಗಳಿಗೆ ಅದೇ ಹೆಸರು, ಮುಂದೆ ಒಂದು ಅಕ್ಷರ. ನಮ್ಮಲ್ಲಿ 45/1, 45/2 ಅಂತ ಪೋಡಿ ಆಗುವುದಿಲ್ಲವೇ, ಹಾಗೆ. ದೊಡ್ಡ ಹೆಸರುಗಳನ್ನು ವಿಜ್ಞಾನಿಗಳಿಗೆ ಕೊಡುವ ರೂಢಿ 1651ರಲ್ಲಿ ರಿಚಿಯೋಲಿ ಅನ್ನುವ ಇಟಲಿಯ ಪಾದ್ರಿಯ ನಕ್ಷೆಯಿಂದ ಗಟ್ಟಿಯಾಯಿತು. ಅಕ್ಷರಗಳ ಪದ್ಧತಿ 19ನೇ ಶತಮಾನದಲ್ಲಿ ಜರ್ಮನಿಯ ಬೇರ್ ಮತ್ತು ಮ್ಯಾಡ್ಲರ್ ಅವರ ನಕ್ಷೆಯಿಂದ ಊರಿಕೊಂಡಿತು. ಬೆಸೆಲ್ ಅಂದರೆ ನಕ್ಷತ್ರವೊಂದರ ದೂರವನ್ನು ಮೊದಲು ಸರಿಯಾಗಿ ಅಳೆದ ಮಹಾನುಭಾವ, 1838ರಲ್ಲಿ. ಅವರ ಹೆಸರಿನ ಕುಳಿ 16 ಕಿಲೋಮೀಟರ್ ಅಗಲ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಸಣ್ಣದು 'ಬೆಸೆಲ್ ಎ'.

ಅಪೋಲೋ ಯಾನಗಳು ಮುಗಿದ ಮೇಲೆ ಆ ಫೋಟೋಗಳಿಂದ ಹೊಸ, ದೊಡ್ಡ ಅಳತೆಯ ನಕ್ಷೆಗಳು ತಯಾರಾದವು. ಒಂದೊಂದು ಹಾಳೆಯಲ್ಲಿ ಚಂದ್ರನ ಸಣ್ಣ ಸಣ್ಣ ತುಂಡು. ಅಕ್ಷರ ಹೊತ್ತ ಚಿಕ್ಕ ಕುಳಿಗಳಿಗೂ ಆಗ ಸ್ವಂತ ಹೆಸರು ಸಿಗತೊಡಗಿತು. ಮಾಸ್ಕಲೈನ್ ಇ ಅನ್ನುವುದು ಆರ್ಯಭಟ ಆಯಿತು. ಹೆರೊಡೋಟಸ್ ಡಿ ಅನ್ನುವುದು ರಾಮನ್ ಆಯಿತು. ರಾಮನ್ ಅವರಿಗೆ ಸಿಕ್ಕಿದ್ದು 1976ರಲ್ಲಿ. ಅಂದರೆ ಗುರುವಿಗಿಂತ ಮೂರು ವರ್ಷ ಮುಂಚೆ ಶಿಷ್ಯ ಹೋಗಿ ಸೀಟು ಹಿಡಿದಿದ್ದ! ಈಗಿನ ನಿಯಮದ ಪ್ರಕಾರ ವ್ಯಕ್ತಿ ತೀರಿಕೊಂಡು ಕನಿಷ್ಠ ಮೂರು ವರ್ಷ ಆಗಿರಬೇಕು. ಆ ಲೆಕ್ಕದಲ್ಲಿ ಸಾರಾಭಾಯಿ ಇನ್ನೊಂದಿಷ್ಟು ಕಾಯಬೇಕಿತ್ತು.

ಯಾರೋ ಕೇಳಿದರು, ಅಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಪುಟ್ಟ ಕುಳಿಯಾ ಅಂತ. ಏಳೂವರೆ ಕಿಲೋಮೀಟರ್ ಚಿಲ್ಲರೆ ಅಗಲ, ಅಷ್ಟೇ. ಹೆಚ್ಚೂಕಡಿಮೆ ಮೆಜೆಸ್ಟಿಕ್‌ನಿಂದ ಜಯನಗರದ ದೂರ. ಭಾಭಾ ಕುಳಿ 64 ಕಿಲೋಮೀಟರ್. ಅದರ ಪಕ್ಕದಲ್ಲೇ ಜಗದೀಶ್ ಚಂದ್ರ ಬೋಸ್, ಇನ್ನೂ ದೊಡ್ಡದು. ಮೇಘನಾದ ಸಾಹಾ ಅವರದ್ದು 100 ಕಿಲೋಮೀಟರಿಗೆ ಹತ್ತಿರ. ಆದರೆ ಇವೆಲ್ಲ ಇರುವುದು ಚಂದ್ರನ ಆಚೆ ಮಗ್ಗುಲಿನಲ್ಲಿ. ಆ ಮಗ್ಗುಲು ಭೂಮಿಗೆ ಯಾವತ್ತೂ ಕಾಣುವುದಿಲ್ಲ. ನೀವು ಎಷ್ಟೇ ದೊಡ್ಡ ದೂರದರ್ಶಕ ತಂದಿಡಿ, ಭಾಭಾ ಕಾಣುವುದಿಲ್ಲ. ಸಾರಾಭಾಯಿ ಕಾಣುತ್ತದೆ. ನನ್ನನ್ನು ಕೇಳಿದರೆ ಊರಾಚೆಯ ನಾಲ್ಕು ಎಕರೆಗಿಂತ ಪೇಟೆ ಬೀದಿಯ ಒಂದು ಮಳಿಗೆಯೇ ವಾಸಿ.

ಜಾಗವೂ ಎಂಥದ್ದು! ಚಂದ್ರನಲ್ಲಿ ಮೊಲ ಅಂತ ನಾವು ತೋರಿಸುವ ಕಪ್ಪು ಕಲೆಗಳಿವೆಯಲ್ಲ, ಅದರಲ್ಲೊಂದು ಸೆರೆನಿಟಾಟಿಸ್, ನೆಮ್ಮದಿಯ ಕಡಲು ಅನ್ನಿ. ನೀರಿಲ್ಲ, ಹಳೆಯ ಲಾವಾ ಹೆಪ್ಪುಗಟ್ಟಿದ ಬಯಲು. ಬೇರೆ ಕಡೆ ಕುಳಿಯ ಮೇಲೆ ಕುಳಿ ಬಿದ್ದು ಎಲ್ಲ ಕಲಸುಮೇಲೋಗರ. ಇಲ್ಲಿ ಹಾಗಿಲ್ಲ. ಸಾರಾಭಾಯಿ ಒಂಟಿಯಾಗಿ, ಚೊಕ್ಕವಾಗಿ ಕೂತಿದೆ. ಚಂದ್ರಯಾನ-2ರ ಚಿತ್ರಗಳಿಂದ ಗೊತ್ತಾದ ಹಾಗೆ ಅಂಚಿನಿಂದ ತಳಕ್ಕೆ 1.7 ಕಿಲೋಮೀಟರ್ ಆಳ, ಗೋಡೆಗಳ ಇಳಿಜಾರು 25ರಿಂದ 35 ಡಿಗ್ರಿ. ಬಟ್ಟಲಿನ ಆಕಾರ. ಅಪೋಲೋ 17 ಇಳಿದ ಜಾಗ ಅಲ್ಲಿಂದ ಪೂರ್ವಕ್ಕೆ 250-300 ಕಿಲೋಮೀಟರ್. ಅಂದಹಾಗೆ ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ನಿಂತಿರುವುದು ದೂರದ ದಕ್ಷಿಣದಲ್ಲಿ, 2,800 ಕಿಲೋಮೀಟರಿಗೂ ಆಚೆ. ಒಬ್ಬರದ್ದೇ ಹೆಸರು, ಅರ್ಧ ಅಲ್ಲಿ, ಅರ್ಧ ಇಲ್ಲಿ.

ಕಾಣುತ್ತದೆ ಅಂದೆನಲ್ಲ, ಸುಲಭಕ್ಕೆ ಅಲ್ಲ. ಎರಡು ಸೆಂಟಿಮೀಟರಿನ ನಾಣ್ಯವನ್ನು ಒಂದು ಕಿಲೋಮೀಟರ್ ದೂರದಿಂದ ನೋಡಿದರೆ ಎಷ್ಟು ಕಂಡೀತೋ ಅಷ್ಟು. ಹುಣ್ಣಿಮೆಯಲ್ಲಿ ಹೋಗಬೇಡಿ, ನೆರಳೇ ಇರುವುದಿಲ್ಲ. ಶುಕ್ಲಪಕ್ಷದ ಷಷ್ಠಿ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ. ಬಿಸಿಲು ಓರೆಯಾಗಿ ಬೀಳುತ್ತದೆ, ಕುಳಿಯೊಳಗೆ ಕಪ್ಪು ತುಂಬಿಕೊಳ್ಳುತ್ತದೆ.

ಮೊದಲ ಸಲ ನನ್ನ ಮೂರು ಇಂಚಿನ ದೂರದರ್ಶಕದಲ್ಲಿ ಬೆಸೆಲ್ ಮಾತ್ರ ಸಿಕ್ಕಿತು. ಆಮೇಲೆ ಗೆಳೆಯನ ಮನೆ ಟೆರೇಸಿನಲ್ಲಿ ಎಂಟು ಇಂಚಿನದ್ದು. ಅರ್ಧ ಗಂಟೆ ಹುಡುಕಿದೆ, ಇಲ್ಲ. ಅವನ ಹೆಂಡತಿ ಕಾಫಿ ತಂದು, "ಏನು ಕಳ್ಕೊಂಡಿದ್ದೀರಾ?" ಅಂತ ನಕ್ಕರು. ಕೊನೆಗೆ ಹೊಳೆಯಿತು. ಕನ್ನಡಿ ದೂರದರ್ಶಕದಲ್ಲಿ ಚಿತ್ರ ತಲೆಕೆಳಗು. ಈಶಾನ್ಯ ಅಂತ ನಾನು ನೋಡುತ್ತಿದ್ದದ್ದು ನೈಋತ್ಯ. ಈ ಕಡೆಗೆ ತಿರುಗಿಸಿದೆ. ಒಂದು ಚುಕ್ಕೆ. ಅರ್ಧ ಬಿಳಿ, ಅರ್ಧ ಕಪ್ಪು. ಗಾಳಿಗೆ ಅಲುಗಾಡಿ ಮಾಯ, ಮತ್ತೆ ಪ್ರತ್ಯಕ್ಷ.

ದೊಡ್ಡಪ್ಪನಿಗೆ ಆ ರಾತ್ರಿಯೇ ಫೋನ್ ಮಾಡಿದೆ. "ಫೋಟೋ ಹಾಕು" ಅಂದರು. ಮೊಬೈಲಿನಲ್ಲಿ ಬರಲಿಲ್ಲ, ಬರೀ ಬಿಳಿ ಬಿಳಿ. ಮುಂದಿನ ತಿಂಗಳು ಅವರೇ ಬರುತ್ತಾರಂತೆ. ರಾಮನ್ ಕುಳಿ ಪಶ್ಚಿಮದ ಅಂಚಿನ ಕಡೆ ಇದೆ, ಅದಕ್ಕೆ ದ್ವಾದಶಿವರೆಗೆ ಕಾಯಬೇಕು. ಏಕಾದಶಿ ಉಪವಾಸ ಮುಗಿಸಿಯೇ ಟೆರೇಸ್ ಹತ್ತುತ್ತೇನೆ ಅಂದಿದ್ದಾರೆ.