ಆ್ಯಪ್ ಕೇಳುತ್ತೆ: ಬೆಚ್ಚಗಿದ್ದೀರಾ?

ಅಣ್ಣನ ಮಗ ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ. ಏಪ್ರಿಲ್‌ನಲ್ಲಿ ಒಂದಿನ ಬಂದವನೇ ನನ್ನ ಮೊಬೈಲ್ ತಗೊಂಡು ಒಂದು ಆ್ಯಪ್ ಹಾಕಿಕೊಟ್ಟ. "ಪ್ರಾಜೆಕ್ಟಿಗೆ ಅತ್ತೆ. ಜನಕ್ಕೆ ಎಷ್ಟು ಬಿಸಿ ತಟ್ಟುತ್ತೆ ಅಂತ ನೋಡೋದು. ದಿನಕ್ಕೆ ನಾಲ್ಕು ಸಲ ಟಿಂಗ್ ಅನ್ನುತ್ತೆ, ಉತ್ತರ ಒತ್ತಿಬಿಡು" ಅಂದ.

ಒಳಗಿದ್ದೀರಾ, ಹೊರಗಿದ್ದೀರಾ? ಫ್ಯಾನ್ ಇದೆಯಾ? ಈಗ ಹೇಗನ್ನಿಸುತ್ತಿದೆ? ಕೊನೇ ಪ್ರಶ್ನೆಗೆ ಏಳು ಉತ್ತರ. ಒಂದು ತುದಿಗೆ ಚಳಿ, ಇನ್ನೊಂದು ತುದಿಗೆ ಬಿಸಿ, ನಡುವೆ 'ತಟಸ್ಥ'. ಅದರ ಪಕ್ಕದಲ್ಲಿ 'ಸ್ವಲ್ಪ ಬೆಚ್ಚಗೆ', 'ಬೆಚ್ಚಗೆ'. ಮಧ್ಯಾಹ್ನ ರೊಟ್ಟಿ ಬಡಿಯುವಾಗ ಬೆವರು ಕಣ್ಣಿಗಿಳೀತಿರುತ್ತೆ, ನಾನು 'ಬೆಚ್ಚಗೆ' ಅಂತ ಒತ್ತಬೇಕಂತೆ! ನಮ್ಮಲ್ಲಿ ಬೆಚ್ಚಗಿರೋದು ಬಾಣಂತಿ, ಕೂಸು, ಆಮೇಲೆ ಕೆಲವರ ಜೇಬು.

ಈ ಏಳು ಮೆಟ್ಟಿಲು ಹುಡುಗ ತಾನೇ ಮಾಡಿದ್ದಲ್ಲ. ಕಟ್ಟಡದೊಳಗಿನ ಹವೆ ಓದುವವರು ಜಗತ್ತಿನ ತುಂಬಾ ಬಳಸುವ ಅಳತೆ ಅದು. ಸಿಂಗಪುರದ ವಿಶ್ವವಿದ್ಯಾಲಯದವರು ಕೈಗಡಿಯಾರದಲ್ಲೇ ಇಂಥ ಪ್ರಶ್ನೆ ಕೇಳುವ 'ಕೋಝಿ' ಅನ್ನೋ ಆ್ಯಪ್ ಮಾಡಿದ್ದಾರೆ. ಉದ್ದೇಶ ಒಳ್ಳೇದೇ. ಹವಾಮಾನ ಇಲಾಖೆಯ ಥರ್ಮಾಮೀಟರು ಬಯಲಲ್ಲಿ, ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ ತಣ್ಣಗೆ ಕೂತಿರುತ್ತೆ. ನಾವು ಹಾಗೆ ಕೂತಿರಲ್ಲ ಅಲ್ವಾ? ಬಯಲು ಸೀಮೆಯಲ್ಲಿ ಅದು 40 ಡಿಗ್ರಿಯಾದರೂ ತೋರಿಸದೆ ಇಲಾಖೆ ಬಿಸಿಗಾಳಿ ಅಂತ ಘೋಷಿಸುವುದೂ ಇಲ್ಲ. ಅದಕ್ಕೇ ಮನುಷ್ಯನ ಹಿಂದೆ ಹೋಗಿ ಅಳೆಯಬೇಕು ಅನ್ನೋದು ಸರಿಯಾದ ಮಾತು.

ಆದರೆ ಕೇಳೋದನ್ನ ನಮ್ಮ ಮಾತಲ್ಲಿ ಕೇಳಬೇಕು. ನಮ್ಮಲ್ಲಿ ಸೆಕೆ ಬೇರೆ, ಝಳ ಬೇರೆ, ಕಾವು ಬೇರೆ. ಮಳೆ ಬರೋ ಮುಂಚೆ ಮೈ ಅಂಟಂಟು ಆಗೋದು ಸೆಕೆ. ಪಿ.ಬಿ. ರೋಡಿನ ಡಾಂಬರು ಮುಖಕ್ಕೆ ಹೊಡೆಯೋದು ಝಳ. ಸಂಜೆ ಗೋಡೆ ಮುಟ್ಟಿದರೆ ಸಿಗೋದು ಕಾವು. ಇದು ಸುಮ್ನೆ ಪದಗಳ ಆಟ ಅಲ್ಲ. ಬಿಸಿಲಲ್ಲಿ ದುಡಿಯುವವರಿಗೆ ಎಷ್ಟು ಅಪಾಯ ಅಂತ ಲೆಕ್ಕ ಹಾಕೋಕೆ ವಿಜ್ಞಾನದಲ್ಲೂ ಮೂರು ಥರ್ಮಾಮೀಟರ್ ಇಡ್ತಾರೆ. ಒದ್ದೆ ಬಟ್ಟೆ ಸುತ್ತಿದ್ದಕ್ಕೆ ನೂರರಲ್ಲಿ 70 ಪಾಲು, ಕಪ್ಪು ಗುಂಡಿನೊಳಗೆ ಇಟ್ಟಿದ್ದಕ್ಕೆ 20, ನೆರಳಿನ ಮಾಮೂಲಿಗೆ ಬರೀ 10. ಒದ್ದೆ ಬಟ್ಟೆಯದ್ದು ಸೆಕೆಯ ಲೆಕ್ಕ, ಕಪ್ಪು ಗುಂಡಿನದ್ದು ಝಳದ ಲೆಕ್ಕ. ಟಿವಿಯಲ್ಲಿ ದಿನಾ ಹೇಳೋದು ಆ ಹತ್ತು ಪಾಲಿನ ಸಂಖ್ಯೆ.

ಪ್ರಶ್ನೆ ಯಾಕೆ, ಫೋನೇ ಅಳೆಯಲಿ ಅನ್ನೋರೂ ಇದ್ದಾರೆ. ಬಹಳಷ್ಟು ಫೋನುಗಳಲ್ಲಿ ಹೊರಗಿನ ಗಾಳಿ ಅಳೆಯುವ ಸಾಧನ ಇಲ್ಲ, ಬ್ಯಾಟರಿ ಎಷ್ಟು ಬಿಸಿಯಾಗಿದೆ ಅಂತ ಮಾತ್ರ ಅದಕ್ಕೆ ಗೊತ್ತು. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಅದನ್ನೇ ಹಿಡಿದರು. ಲಂಡನ್, ಮಾಸ್ಕೋ ಸೇರಿ ಎಂಟು ನಗರಗಳ ಎಷ್ಟೋ ಫೋನುಗಳ ಬ್ಯಾಟರಿ ಬಿಸಿಯಿಂದ ಊರಿನ ದಿನದ ಸರಾಸರಿ ತೆಗೆದರು. ಜಾಣತನವೇ. ಆದರೆ ಆ ಸರಾಸರಿಯಲ್ಲಿ ಒಬ್ಬೊಬ್ಬರ ಪಾಡು ಕಾಣಲ್ಲ. ಬ್ಯಾಟರಿ ಬಿಸಿಯಾಗಿದ್ದು ಬಿಸಿಲಿಗೋ ರೀಲ್ಸಿಗೋ ಹೇಗೆ ಹೇಳೋದು? (ದಿನವಿಡೀ ನಾವು ಎಲ್ಲಿದ್ದೆವು ಅನ್ನೋದೂ ಈ ಆ್ಯಪ್‌ಗಳಿಗೆ ತಿಳಿಯುತ್ತೆ. ಅದು ಯಾರ ಕೈಲಿರುತ್ತೆ ಅಂತ ಮೊದಲೇ ಕೇಳಿಕೊಳ್ಳಿ.)

ನನಗೆ ಜಾಸ್ತಿ ಕೊರೆದಿದ್ದು ಬೇರೆ. ಹುಡುಗನ ಪಟ್ಟಿಯಲ್ಲಿದ್ದವರೆಲ್ಲ ಎಂಸಿಸಿ ಬ್ಲಾಕ್, ವಿದ್ಯಾನಗರದಂಥ ಅನುಕೂಲಸ್ಥರ ಬಡಾವಣೆಯವರು, ಅವನ ಗೆಳೆಯರ ಮನೆಯವರು. "ಮಂಡಕ್ಕಿ ಭಟ್ಟಿ ಕಡೆ ಯಾರನ್ನಾದ್ರೂ ಕೇಳಿದೆಯೇನೋ?" ಅಂದೆ. ಮಿಕಮಿಕ ನೋಡಿದ. ಊರಿಗೆಲ್ಲ ಮಂಡಕ್ಕಿ ಬೇಕು. ಕಾದ ಮರಳಲ್ಲಿ ಅಕ್ಕಿ ಹುರಿಯುವವರ ಮುಖಕ್ಕೆ ಎಷ್ಟು ಝಳ ಹೊಡೆಯುತ್ತೆ ಅನ್ನೋದು ಮಾತ್ರ ಯಾವ ಆ್ಯಪಲ್ಲೂ ಇಲ್ಲ.

ಕರ್ಕೊಂಡು ಹೋದೆ. ನನಗೆ ಪರಿಚಯದ ಒಬ್ಬರು ಅಕ್ಕ ಅಲ್ಲಿ ಕೆಲಸ ಮಾಡ್ತಾರೆ. ಅವರ ಫೋನು ಪ್ಲಾಸ್ಟಿಕ್ ಚೀಲದಲ್ಲಿ, ಒಲೆಯಿಂದ ದೂರ, ಬಾಗಿಲ ಹತ್ತಿರದ ಮೊಳೆಗೆ ನೇತಾಡ್ತಿತ್ತು. ಆ್ಯಪ್ ಹಾಕಿದ್ದರೆ ಅದು ಹೇಳುತ್ತಿದ್ದದ್ದು ಮೊಳೆಯ ಸುದ್ದಿ. ಅದೂ ಸಂಜೆಯಾದರೆ ಮಗನ ಜೊತೆ ಹೋಗೋ ಫೋನು.

ಹುಡುಗ ಆ್ಯಪ್ ಮುಚ್ಚಿ ಬಾಯಲ್ಲೇ ಕೇಳಿದ. "ಅಮ್ಮಾ, ಈಗ ಎಷ್ಟು ಝಳ ಅನ್ನಿಸ್ತಿದೆ?" ಅವರು ಸೆರಗಲ್ಲಿ ಮುಖ ಒರೆಸಿಕೊಂಡು ನಕ್ಕರು. "ಇದು ಅಭ್ಯಾಸ ಆಗೈತಪ್ಪ. ರಾತ್ರಿ ಬಂದು ಕೇಳು. ಶೀಟಿನ ಮನೆ ನಮ್ದು, ಹನ್ನೊಂದಾದ್ರೂ ಒಳಗೆ ಕಾಲಿಡಾಕ್ ಆಗಲ್ಲ."

ಆ್ಯಪಿನ ಕೊನೇ ಟಿಂಗ್ ರಾತ್ರಿ ಎಂಟಕ್ಕೆ ಮುಗಿದುಹೋಗುತ್ತೆ. ಹನ್ನೊಂದಕ್ಕೆ ಇನ್ನೊಂದು ಇಡ್ತೀನಿ ಅಂತ ಹುಡುಗ ಹೇಳಿದ್ದಾನೆ. ಅಕ್ಕನ ಮನೆ ಗೋಡೆಗೆ ತೂಗುಹಾಕೋಕೆ ಒಂದು ಥರ್ಮಾಮೀಟರ್ ನಾನೇ ಕೊಡಿಸ್ತೀನಿ ಅಂದಿದ್ದೀನಿ.