ಎಲ್ಲದಕ್ಕೂ ವಿಸರ್ಜನೆ ಅನ್ಬೇಡಿ

ಹೋದ ತಿಂಗಳು ನಮ್ಮ ಬೀದಿ ಸಂಘದ ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಹುಡುಗ ಕೊನೇ ಸಾಲು ಹೀಗೆ ಬರೆದಿದ್ದ: "ವಂದನಾರ್ಪಣೆಯ ನಂತರ ಸಂಘವನ್ನು ವಿಸರ್ಜಿಸಲಾಯಿತು." ಸಭೆ ಅನ್ನೋ ಕಡೆ ಸಂಘ ಅಂತಾಗಿದೆ. ಖಾತೆಗೆ ಸಹಿ ಬದಲಾಯಿಸೋಕೆ ಅದರ ಜೆರಾಕ್ಸ್ ಕೊಟ್ರೆ ಬ್ಯಾಂಕಿನವರು ಪೆನ್ಸಿಲಲ್ಲಿ ಆ ಸಾಲಿಗೆ ಸುತ್ತು ಹಾಕಿ ವಾಪಸ್ ಕೊಟ್ರು, ಸಂಘಾನೇ ಇಲ್ವಲ್ಲ ಸಾರ್, ಇನ್ನು ಸಹಿ ಯಾರದು ಅಂತ. ಅವರು ಕೇಳಿದ್ದು ನ್ಯಾಯವಾಗೇ ಇತ್ತು.

ವಿಸರ್ಜಿಸು ಅನ್ನೋ ಪದದ ಮೇಲೆ ನಂಗೆ ತುಂಬಾ ಪ್ರೀತಿ. ಆವಾಹನೆ ಮಾಡಿ ಕರೆದ ದೇವರನ್ನ ಮರ್ಯಾದೆಯಿಂದ ಕಳಿಸಿಕೊಡೋದು ಅದು. ಅಮ್ಮ ಗಣಪತಿಗೆ ಅಕ್ಷತೆ ಹಾಕಿ ಮೂರ್ತೀನ ಒಂಚೂರು ಉತ್ತರಕ್ಕೆ ಜರುಗಿಸ್ತಾರೆ, ದಾರಿಗೆ ಅಂತ ಮೊಸರವಲಕ್ಕಿ ಕಟ್ತಾರೆ, ಮಂತ್ರದಲ್ಲೂ "ಪುನರಾಗಮನಾಯ ಚ" ಅಂತಾನೇ ಇರೋದು. ಮುಳುಗಿಸೋದು ಅಂತ ಯಾರಾದ್ರೂ ಅಂದ್ರೆ ಅಮ್ಮ ಸುಮ್ನಿರಲ್ಲ, "ಬಿಡೋದು ಅನ್ನು" ಅಂತಾರೆ. ಸ್ಕೂಲ್ ಬಿಡ್ತು ಅಂತೀವಲ್ಲ, ಅದೇ ಬಿಡು.

ವಿಧಾನಸಭೆಗೂ ಈ ಅರ್ಥ ಸರಿಯಾಗಿ ಕೂರುತ್ತೆ. ಶಾಸಕರು ಮನೆಗೆ ಹೋಗ್ತಾರೆ, ಚುನಾವಣೆ ಆಗಿ ಸಭೆ ಮತ್ತೆ ಬರುತ್ತೆ. ವಿಧಾನ ಪರಿಷತ್ತಿಗೆ ವಿಸರ್ಜನೆ ಅನ್ನೋದೇ ಇಲ್ಲ, ಬೇಡ ಅಂದ್ರೆ ರದ್ದು ಮಾಡ್ಬೇಕು, ಆಂಧ್ರದಲ್ಲಿ 1985ರಲ್ಲಿ ಹಾಗೇ ಆಗಿ 2007ರಲ್ಲಿ ವಾಪಸ್ ಬರೋಕೆ ಸಂಸತ್ತಲ್ಲಿ ಹೊಸ ಕಾನೂನೇ ಬೇಕಾಯ್ತು.

ಇನ್ನು "ಸರ್ಕಾರ ವಿಸರ್ಜನೆ" ಅಂತ ಬರೀತಾರಲ್ಲ, ಅದು ತಪ್ಪು ಕಣ್ರೀ. ಸರ್ಕಾರ ಆಗೋದು ವಜಾ. 1989ರ ಏಪ್ರಿಲ್ 21ರಂದು ಕರ್ನಾಟಕದಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು, ಅದರ ಜೊತೆಗೇ ವಿಧಾನಸಭೇನೂ ವಿಸರ್ಜನೆ ಆಯ್ತು, ಬಹುಮತ ಸದನದಲ್ಲೇ ತೋರಿಸ್ತೀನಿ ಅಂತ ಅವರು ಹೇಳಿದ್ರೂ ಅವಕಾಶ ಸಿಗ್ಲಿಲ್ಲ. ಅದೇ ಕೇಸಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ಏನು ಹೇಳ್ತು ಅಂದ್ರೆ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆನ ಸಂಸತ್ತಿನ ಎರಡೂ ಸದನ ಒಪ್ಪೋ ತನಕ ವಿಧಾನಸಭೇನ ಅಮಾನತಲ್ಲಿ ಇಡಬಹುದೇ ಹೊರತು ವಿಸರ್ಜಿಸೋ ಹಾಗಿಲ್ಲ. ಅಮಾನತಲ್ಲಿರೋ ಸಭೆಗೆ ಮತ್ತೆ ಜೀವ ಕೊಡಬಹುದು, ಅದೇ ಶಾಸಕರು ಬಂದು ಕೂರಬಹುದು, ವಿಸರ್ಜನೆ ಆದ್ರೆ ಚುನಾವಣೆಯೇ ಗತಿ. ಒಂದು ರಾಜ್ಯದ ಜನ ಹಾಕಿದ ಓಟು ಉಳಿಯುತ್ತೋ ಇಲ್ವೋ ಅನ್ನೋದು ಈ ಎರಡು ಪದದ ನಡುವೆ ಇದೆ, ಹಂಗಾಗಿ ಸುದ್ದಿ ಬರೆಯೋರು ದಯವಿಟ್ಟು ನೋಡ್ಕೊಂಡು ಬರೀರಿ.

ನಮ್ಮ ಹಳೇ ನಡಾವಳಿ ಪುಸ್ತಕ ತೆಗೆದು ನೋಡಿದ್ರೆ ಹಿರಿಯರು ಪ್ರತಿ ಸಲ "ಸಭೆ ಬರಖಾಸ್ತಾಯಿತು" ಅಂತ ಬರೆದಿದಾರೆ. ಪರ್ಷಿಯನ್ ಮೂಲದಲ್ಲಿ ಆ ಪದಕ್ಕೆ ಎದ್ದೇಳೋದು ಅಂತ ಅರ್ಥ, ಅಂದ್ರೆ ಕೂತಿದ್ದೋರು ಎದ್ದು ಹೋದ್ರು, ಅಷ್ಟೆ. ಹುಡುಗನಿಗೂ ಅದನ್ನೇ ಬರೆಯೋಕೆ ಹೇಳಿದೀನಿ. ತಿದ್ದುಪಡಿ ಪಕ್ಕ ಅಧ್ಯಕ್ಷರ ಸಹಿ ಆಗಿದೆ, ಸೋಮವಾರ ಬ್ಯಾಂಕಿಗೆ ಹೋಗ್ಬೇಕು.